ಮುಚ್ಚಳ ಬಿಗಿದ ಬಾಟಲಿ

ಐಸ್‌ಕ್ರೀಮ್ ವ್ಯಾನ್ ಓಡಿಸುವ ಆ ಮನುಷ್ಯನನ್ನು ಬೀದಿಯವರು ಕರೆಯುವುದೇ 'ಪ್ರಯೋಗಪ್ಪ' ಎಂದು. ನಿಂಬೆಹಣ್ಣುಗಳಿಗೆ ತಂತಿ ಚುಚ್ಚಿ ಪುಟ್ಟ ದೀಪ ಉರಿಸಿದವನು, ಅಡುಗೆ ಸೋಡಾದಿಂದ ಬಲೂನು ಊದಿಸಿದವನು. ಅವನ ಹೆಂಡತಿ ಮಾತ್ರ ಆ ಮನೆಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ಬಾಳಿದವಳು. ಹೊಲಿಗೆ ಯಂತ್ರದ ಮುಂದೆ ಕೂತರೂ ಒಂದು ಕಣ್ಣು ಅವನ ಮೇಜಿನ ಮೇಲೇ. ಪಾಪ, ಇಷ್ಟು ವರ್ಷದಲ್ಲಿ ಅವನ ಕೈಯಿಂದ ಒಂದು ಲೋಟವೂ ಒಡೆದದ್ದಿಲ್ಲ. ಆದರೆ ಹೆದರುವವರಿಗೆ ಕಾರಣ ಬೇಕೇ?

ಆ ಮಧ್ಯಾಹ್ನ ಅವನು ಐಸ್‌ಕ್ರೀಮ್ ಕರಗದಿರಲೆಂದು ವ್ಯಾನಿನಲ್ಲಿಡುವ, ನೀರಾಗದೆ ನೇರ ಅನಿಲವಾಗುವ ಡ್ರೈ ಐಸ್‌ನ ಉಳಿದ ತುಂಡುಗಳನ್ನು ತಂದ. ಕಿಟಕಿ ತೆರೆದು, ಪ್ಲಾಸ್ಟಿಕ್ ಬಾಟಲಿಯ ಬೆಚ್ಚನೆಯ ನೀರಿಗೆ ಹಾಕಿದ್ದೇ ತಡ, ಬಿಳಿ ಹೊಗೆ ಉಕ್ಕಿ ಮೇಜಿನಿಂದಿಳಿದು ನೆಲದ ಮೇಲೆ ತೆವಳತೊಡಗಿತು.

"ಸೋಪಿನ ನೀರು ತರ್ತೀನಿ. ಗುಳ್ಳೆಯೊಳಗೆ ಹೊಗೆ ತುಂಬಿ ತೋರಿಸ್ತೀನಿ, ಇರು," ಎಂದು ಹಿತ್ತಲಿಗೆ ಹೋದ.

ಮೇಜಿನ ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅತ್ತೆ ಮಲಗಿದ್ದರು. ಹೊಗೆ ಅವರ ಕಡೆಗೇ ಹೊರಟಿತ್ತು. ಹೆಂಡತಿ ಹೊಲಿಗೆ ಯಂತ್ರ ಬಿಟ್ಟೆದ್ದಳು. ಅತ್ತೆಗೆ ಉಸಿರು ಕಟ್ಟಿದರೆ? ಓಡಿಹೋಗಿ ಬಾಟಲಿಗೆ ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದಳು. ಹೊಗೆ ನಿಂತಿತು. ಸದ್ಯ, ಬದುಕಿದೆವು ಅಂದುಕೊಂಡಳು.

ಅವನು ಮರಳುವಷ್ಟರಲ್ಲಿ ಬಾಟಲಿಯ ತಳ ಉಬ್ಬಿ, ಬಾಟಲಿ ಓರೆಯಾಗಿತ್ತು. ಅವನ ಮುಖ ಬಿಳುಚಿಕೊಂಡಿತು. ಮುಚ್ಚಳ ತೆಗೆಯಲು ಅವಳು ಕೈ ಚಾಚಿದಳು.

"ಮುಟ್ಬೇಡ! ಸಿಡಿಯುತ್ತೆ! ಹೊರಗೆ ಓಡು!"

"ಅಯ್ಯೋ, ಅತ್ತೆ..."

ಇಬ್ಬರೂ ಮಂಚಕ್ಕೆ ಕೈ ಹಾಕಿದರು. ಅವನು ಬಾಟಲಿಗೆ ಬೆನ್ನು ಕೊಟ್ಟು ತಳ್ಳಿದ, ಅವಳು ಎಳೆದಳು. ಮಂಚದ ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಿತು.

"ಎಲ್ಲಿಗೆ ಸಾಗಿಸ್ತಿದ್ದೀರಾ ನನ್ನ? ಇನ್ನೂ ಬದುಕಿದ್ದೀನಿ!" ಎಂದು ಅತ್ತೆ ಕೂಗಿಕೊಂಡರು.

ಅವಳ ಅಂಗೈ ಬೆವರಿ ಜಾರುತ್ತಿತ್ತು. ಹೇಗೋ ಮಂಚ ಹೊಸ್ತಿಲು ದಾಟಿತು. ಅವನು ಬಾಗಿಲು ಎಳೆದುಕೊಂಡನಷ್ಟೇ, ಒಳಗೆ ಢಂ ಎಂದಿತು.

ಕಿಟಕಿಯ ಗಾಜು ಪುಡಿಪುಡಿ. ಅತ್ತೆಯ ತಲೆಯಿದ್ದ ಕಡೆ ಗೋಡೆಯ ಗಾರೆ ಕಿತ್ತುಬಂದಿತ್ತು.

ಬೀದಿಗೆ ಬೀದಿಯೇ ಬಂದು ಸೇರಿತು. "ಪ್ರಯೋಗವಂತೆ ಪ್ರಯೋಗ! ಹೆತ್ತ ತಾಯೀನೇ ಕೊಂದುಬಿಡ್ತಿದ್ದೆಯಲ್ಲೋ!" ಎಂದು ಪಕ್ಕದ ಮನೆಯ ಕ್ಷೌರಿಕ ಬೈದ.

ಪ್ರಯೋಗಪ್ಪ ಹೆಂಡತಿಯ ಕಡೆ ನೋಡಲಿಲ್ಲ. "ಮುಚ್ಚಳ ಹಾಕಬಾರದಿತ್ತು. ನನ್ನದೇ ತಪ್ಪು," ಎಂದ.

ಅವಳು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಅತ್ತೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೀನಿದ್ದಿದ್ದಕ್ಕೆ ಉಳಿದೆ ಕಣಮ್ಮ."

ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ ಅವಳು ಅಳತೊಡಗಿದಳು.