ಓದಿದಾಕಿಯ ಹೆಸರು

ಗಂಗಾವತಿಯ ಕಾಲೇಜೊಂದರ ಕಚೇರಿಯಲ್ಲಿ ಪದವಿ ಪ್ರಮಾಣಪತ್ರಕ್ಕೆ ಹೆಸರು ಕೇಳಿ ವಿಶ್ವವಿದ್ಯಾಲಯಕ್ಕೆ ಕಳಿಸುವುದು ನನ್ನ ಕೆಲಸ. ನವಲಿಯ ಹುಡುಗಿಯೊಬ್ಬಳು ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಕಾಲೇಜಿನ ದಾಖಲೆಯಲ್ಲಿ ಅವಳು ಹುಲಿಗೆಮ್ಮ. ಓದುವಾಗಲೇ ಮದುವೆಯಾಗಿ, ಗಂಡನ ಮನೆಯವರು ಸುಜಾತಾ ಎಂದು ಹೊಸ ಹೆಸರಿಟ್ಟಿದ್ದರು.

"ಯಾವ ಹೆಸರು ಹಾಕೂನ ತಂಗಿ?"

ಹುಡುಗಿ ಅತ್ತೆಯ ಮುಖ ನೋಡಿದಳು. ನನಗೆ ಸಿಟ್ಟೇ ಬಂತು. ಇದನ್ನೂ ಅತ್ತೆಯೇ ಹೇಳಬೇಕೇ?

ಅತ್ತೆ ಸೆರಗು ಸರಿಮಾಡಿಕೊಂಡು, "ಸುಜಾತಾ ಅಂತ ಇಟ್ಟಿದ್ದು ಮನ್ಯಾಗ ಕರಿಯಾಕ್ರಿ. ಓದಿದಾಕಿ ಹುಲಿಗೆಮ್ಮ. ಆಕಿ ಹೆಸರ ಹಾಕ್ರಿ," ಅಂದರು.

ಎದ್ದು ನನ್ನ ಕುರ್ಚಿಯನ್ನೇ ಅವರಿಗೆ ಕೊಡಬೇಕೆನಿಸಿತು.

ನನ್ನ ಪ್ರಮಾಣಪತ್ರದಲ್ಲಿ ಗಂಡನ ಮನೆಯ ಅಡ್ಡಹೆಸರಿದೆ. ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಇವತ್ತಿಗೂ ಪಿಯುಸಿ ದಾಟಿದವರು ಯಾರೂ ಇಲ್ಲ.