ಖತೀಫಿನ ಕೆಮ್ಮುವ ಲಾರಿ

ನನ್ನ ಗಂಡನಿಗೆ ತರಕಾರಿ ಗೊತ್ತು. ಬದನೆಕಾಯಿಯನ್ನು ಕೈಯಲ್ಲಿ ಹಿಡಿದೇ ಒಳಗೆ ಹುಳ ಇದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಲಾರಿಯ ವಿಷಯದಲ್ಲಿ ಮಾತ್ರ ಅವರಿಗೆ ಗೊತ್ತಿರುವುದು ಟೈರಿಗೆ ಒದ್ದು ನೋಡುವುದೊಂದೇ. ನಾನು ಬಂಟ್ವಾಳದ ಹತ್ತಿರದ ಒಬ್ಬ ಲಾರಿ ಮೆಕ್ಯಾನಿಕ್‌ನ ಮಗಳು. ಸಂಜೆ ಶಾಲೆಯಿಂದ ಬಂದು ತಂದೆಯ ಗ್ಯಾರೇಜಿನ ಬೆಂಚಿನ ಮೇಲೆ ಕೂತೇ ಮಗ್ಗಿ ಕಲಿತವಳು. ಹಾಗಾಗಿ ಸೌದಿಯ ದಮ್ಮಾಮಿನಲ್ಲಿರುವ ನಮ್ಮ ತರಕಾರಿ ಅಂಗಡಿಗೆ ಹಳೆಯ ಡೀಸೆಲ್ ಲಾರಿಯೊಂದನ್ನು ಕೊಳ್ಳುವ ಮಾತು ಬಂದಾಗ, ನೋಡಲು ನಾನೂ ಬರುತ್ತೇನೆ ಎಂದೆ.

"ಬಾ, ಅಡ್ಡಿ ಇಲ್ಲ. ಆದ್ರೆ ಮಾತಾಡುವುದು ನಾನು" ಎಂದು ಅವರು ಮೊದಲೇ ಷರತ್ತು ಹಾಕಿದರು.

ಅವರು ಭಟ್ಕಳದ ನವಾಯತರು, ನಾನು ಬ್ಯಾರಿ. ಮನೆಮಾತು ಬೇರೆ ಬೇರೆಯಾದ್ದರಿಂದ ನಮ್ಮ ಜಗಳ, ಗುಟ್ಟು ಎರಡೂ ಕನ್ನಡದಲ್ಲೇ. ಪರರ ಅಂಗಳದಲ್ಲಿ ವ್ಯಾಪಾರಕ್ಕೆ ನಿಂತಾಗ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಜನವರಿಯ ಒಂದು ಮಧ್ಯಾಹ್ನ ಪಕ್ಕದ ಊರು ಖತೀಫಿಗೆ ಹೋದೆವು. ಖರ್ಜೂರದ ತೋಟಕ್ಕೆ ಅಂಟಿಕೊಂಡ ಮನೆ. ಲಾರಿಯ ಯಜಮಾನರು ಎಪ್ಪತ್ತು ದಾಟಿದ ಸೌದಿ ರೈತರು. ನಾವು ಇಳಿಯುವುದಕ್ಕೂ ಅವರು ಕೀ ತಿರುಗಿಸುವುದಕ್ಕೂ ಸರಿಹೋಯಿತು. ಎಂಜಿನ್ ಒಂದೇ ಸಲಕ್ಕೆ ಗುಡುಗುಡು ಎಂದಿತು.

"ನೋಡಿದೆಯಾ, ಗುಂಡಿನ ಹಾಗೆ ಉಂಟು!" ಎಂದರು ನನ್ನವರು, ಟೈರಿಗೆ ಒದೆಯುತ್ತ.

ನಾನು ಸುಮ್ಮನೆ ಹೋಗಿ ರೇಡಿಯೇಟರಿನ ಹತ್ತಿರ ಅಂಗೈ ಹಿಡಿದೆ. ಬಿಸಿ ಸುಡುತ್ತಿತ್ತು. "ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಾದ ಮೇಲೆ ನೋಡದೆ ಒಪ್ಪಬೇಡಿ" ಎಂದೆ.

"ಅದು ತಣ್ಣಗಾಗ್ಲಿಕ್ಕೆ ಮೂರು ಗಂಟೆ ಬೇಕು ಮಾರಾಯ್ತಿ! ಅಷ್ಟು ಹೊತ್ತು ಎಂತ ಮಾಡುವುದು?"

"ಅವರ ತೋಟವನ್ನು ಹೊಗಳಿ."

ನನ್ನವರು ಹೊಗಳಿಕೆಯಲ್ಲಿ ಯಾರಿಗೂ ಕಡಿಮೆಯಲ್ಲ. ಪ್ರತಿ ಮರದ ಬುಡದಲ್ಲೂ ನಿಂತು ಮಾಷಾ ಅಲ್ಲಾಹ್ ಎಂದರು. ಮುದುಕರು ಹಿಗ್ಗಿಹೋಗಿ, ಊಟ ಮಾಡದೆ ಕಳಿಸುವುದಿಲ್ಲ ಎಂದು ಅವರನ್ನು ಗಂಡಸರ ಕೋಣೆಗೂ ನನ್ನನ್ನು ಒಳಮನೆಗೂ ಕಳಿಸಿದರು.

ಒಳಗೆ ಮನೆಯ ಯಜಮಾನಿ ಒಬ್ಬರೇ ಇದ್ದರು. ನನ್ನದು ಸಂತೆಯ ಅರಬ್ಬಿ. ಆದರೂ ಅನ್ನ, ಮೀನು ಮುಗಿಯುವ ಹೊತ್ತಿಗೆ ನಾವಿಬ್ಬರೂ ಗಂಡಂದಿರನ್ನು ಬೈಯುವಷ್ಟು ಹತ್ತಿರವಾಗಿದ್ದೆವು. ಲಾರಿಯ ಮಾತು ತೆಗೆದೆ. ಅಜ್ಜಿ ತಲೆಯ ಮೇಲೆ ಕೈ ಹೊತ್ತರು. ಚಳಿಗಾಲ ಬಂತೆಂದರೆ ಬೆಳಗ್ಗೆ ಅದು ಇಡೀ ಓಣಿಯನ್ನು ಎಬ್ಬಿಸುತ್ತದಂತೆ. ಹೇಗೆ ಎಂದು ಕೇಳಿದೆ. ಅವರು ಚಾಪೆಯ ಮೇಲೆ ಸರಿಯಾಗಿ ಕೂತು, ಕೆನ್ನೆ ಉಬ್ಬಿಸಿ, "ಖರ್ ಖರ್ ಖರ್... ಥು ಥು... ಖರ್ ಖರ್" ಎಂದು ಲಾರಿಯ ಸದ್ದು ಮಾಡಿಯೇ ಬಿಟ್ಟರು. ನಡುವೆ ನಿಲ್ಲಿಸಿ, ಬಿಳಿ ಹೊಗೆ ಎಷ್ಟು ಬರುತ್ತದೆಂದು ಎರಡೂ ಕೈ ಅಗಲಿಸಿ ತೋರಿಸಿದರು. ಬಿಸಿಲೇರಿದರೆ ಮಾತ್ರ ಗಲಾಟೆ ಇಲ್ಲ ಎಂದರು.

ಅನ್ನದ ತಟ್ಟೆಯ ಮುಂದೆ ಕೂತೇ ರೋಗ ಗೊತ್ತಾಯಿತು. ಡೀಸೆಲ್ ಉರಿಯುವ ಮುನ್ನ ಒಳಗೆ ಕಾವು ಕೊಡುವ ಹೀಟರ್ ಪ್ಲಗ್‌ಗಳು ಸತ್ತಿರಬೇಕು. ಬದಲಾಯಿಸುವುದು ಅರ್ಧ ದಿನದ ಕೆಲಸ.

ಇಳಿಹೊತ್ತಿನ ಅಸರ್ ನಮಾಜು ಮುಗಿದು ಗಾಳಿ ತಣ್ಣಗಾದ ಮೇಲೆ ಮತ್ತೆ ಅಂಗಳಕ್ಕೆ ಬಂದೆವು. ಮುದುಕರು ಒಲ್ಲದ ಮನಸ್ಸಿನಿಂದ ಕೀ ತಿರುಗಿಸಿದರು. ಖರ್ ಖರ್ ಖರ್. ಥು ಥು. ಅಜ್ಜಿ ಒಂದಕ್ಷರವೂ ತಪ್ಪಿಸಿರಲಿಲ್ಲ. ನಾನು ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ಒತ್ತಿದೆ. ಮುದುಕರು ನನ್ನನ್ನು ನೋಡಿದರು, ಆಮೇಲೆ ಮನೆಯ ಕಿಟಕಿಯನ್ನು ನೋಡಿದರು. ಕಿಟಕಿಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಐದನೆಯ ಸಲಕ್ಕೆ ಎಂಜಿನ್ ಹತ್ತಿತು. ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ಬಿಚ್ಚಿ ಹಾಗೇ ಮೇಲಿಟ್ಟೆ. ಒಳಗೆ ಸವೆದ ಎಂಜಿನ್ ಆದರೆ ಹೊಗೆ ಒತ್ತಿ ಮುಚ್ಚಳ ಕುಣಿಯುತ್ತದೆ ಎಂದು ತಂದೆ ತೋರಿಸಿಕೊಟ್ಟಿದ್ದರು. ಇದು ಅಲುಗಲಿಲ್ಲ. ಹೊಗೆಯೂ ನಿಧಾನಕ್ಕೆ ತಿಳಿಯಾಯಿತು. ಎಂಜಿನ್ ಕಲ್ಲಿನಂತಿತ್ತು.

"ಹೇಗುಂಟು?" ಎಂದು ನನ್ನವರು ಮೆಲ್ಲಗೆ ಕೇಳಿದರು.

"ಮುಖ ಸಪ್ಪೆ ಮಾಡಿ. ತುಂಬಾ ಸಪ್ಪೆ. ಲಾರಿ ಚಿನ್ನ."

ಅವರು ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಮುಖ ಮಾಡಿದರು. ಮುದುಕರು ನಾಚಿಕೊಂಡು, "ಹೌದು, ಬೆಳಗ್ಗೆಯಿಂದ ಓಡಿಸಿ ಇಟ್ಟಿದ್ದೆ. ಅದಕ್ಕೂ ನನ್ನ ಹಾಗೆ ವಯಸ್ಸಾಯಿತು" ಎಂದು ಅರಬ್ಬಿಯಲ್ಲಿ ಒಪ್ಪಿಕೊಂಡು, ತಾವಾಗಿಯೇ ಬೆಲೆ ಇಳಿಸಿದರು.

ಹಿಂತಿರುಗುವಾಗ ನನ್ನವರು ದಾರಿಯುದ್ದಕ್ಕೂ ಹಾಡು ಗುನುಗಿದರು. ನಾನು ಮಾತ್ರ ಅಜ್ಜಿ ಬಡಿಸಿದ ಮೀನನ್ನೇ ನೆನೆಯುತ್ತಿದ್ದೆ. ಮುದುಕರು ಲಾರಿ ಬಿಸಿ ಮಾಡಿ ನಮ್ಮನ್ನು ಆಟ ಆಡಿಸಿದ್ದು ನಿಜ. ಆದರೆ ನಾನು ಅವರ ಮನೆಯ ಅನ್ನ ಉಂಡು ಆಟ ಆಡಿದ್ದೆ.

ಮುಂದಿನ ವಾರ ಕಾಗದಪತ್ರ ಮುಗಿದು ಲಾರಿ ತರಲು ಹೋದ ದಿನ, ನನ್ನವರು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರೂ ಹೇಳಿಬಿಟ್ಟೆ: "ಬಾಬಾ, ಎಂಜಿನಿಗೆ ಏನೂ ಆಗಿಲ್ಲ. ಬರೀ ಪ್ಲಗ್."

ಮುದುಕರು ಲಾರಿಯ ಬಾನೆಟ್ಟನ್ನು ಒಮ್ಮೆ ತಟ್ಟಿದರು. ಆಮೇಲೆ ಕೊಡಲು ಚಾಚಿದ್ದ ಕೀಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. "ಹಾಗಾದರೆ ನಾನು ಮಾರುವುದಿಲ್ಲ."

"ಬೇಕಿತ್ತಾ ನಿನಗೆ?" ಎಂದರು ನನ್ನವರು ನನಗೆ, ಅಳುವ ದನಿಯಲ್ಲಿ.

ಅಷ್ಟರಲ್ಲಿ ಅಜ್ಜಿ ಬಾಗಿಲು ತೆರೆದು ಬಂದರು. ಎಷ್ಟೋ ವರ್ಷಗಳಿಂದ ಆ ಲಾರಿ ತೊಲಗುವುದನ್ನೇ ಕಾಯುತ್ತಿದ್ದವರು ಅವರು. ಗಂಡನ ಜೇಬಿಗೆ ಕೈ ಹಾಕಿ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, "ಖಲಾಸ್! ಯಲ್ಲಾ, ಹೋಗಿ!" ಎಂದರು. ಹೊಸ ಪ್ಲಗ್ ಹಾಕಿದ ದಿನ ಒಂದು ಫೋನ್ ಮಾಡಿ ಎಂದಷ್ಟೇ ಮುದುಕರು ಕೇಳಿಕೊಂಡರು.

ಮೂರನೆಯ ದಿನ ಬೆಳಗ್ಗೆ, ಮೈ ನಡುಗುವ ಚಳಿಯಲ್ಲಿ, ನಾನು ಮುದುಕರಿಗೆ ಫೋನ್ ಮಾಡಿ, ಅದನ್ನು ಎಂಜಿನ್ನಿನ ಕಡೆ ಹಿಡಿದು ಲಾರಿಯ ಪಕ್ಕ ನಿಂತೆ. ನನ್ನವರು ಕೀ ತಿರುಗಿಸಿದರು. ಒಂದೇ ಸಲಕ್ಕೆ ಹತ್ತಿತು.

"ಬಾಬಾ, ಕೇಳಿಸಿತಾ?" ಎಂದೆ.

"ಬಂದ್ ಮಾಡಿ ಇನ್ನೊಂದು ಸಲ ಸ್ಟಾರ್ಟ್ ಮಾಡು" ಎಂದರು.

ಮಾಡಿದೆವು. ಒಟ್ಟು ನಾಲ್ಕು ಸಲ.