ಅಮ್ಮನ ಕ್ಯಾರಿಯರ್‌ನಲ್ಲಿ ಬಂದ ಸುದ್ದಿ

ಹೋದ ವರ್ಷ, ನನ್ನ ಡಿಪ್ಲೊಮಾದ ಕೊನೆಯ ಪರೀಕ್ಷೆಗಳ ಸಮಯ. ನಮ್ಮಮ್ಮನ ಬಲಗಣ್ಣು ಹೋದದ್ದೂ ಆಗಲೇ. ಇವೆರಡನ್ನೂ ಬೇರೆ ಬೇರೆ ಮಾಡಿ ನೆನೆಯಲು ನನಗೆ ಇಂದಿಗೂ ಆಗುವುದಿಲ್ಲ.

ನಮ್ಮೂರು ಕ್ಯಾಸಂಬಳ್ಳಿ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ನಾನು, ಎರಡು ಹಸು ಅಷ್ಟೇ. ಓದುವುದಕ್ಕೆಂದು ಬಂಗಾರಪೇಟೆಯಲ್ಲಿ ಗೆಳತಿಯರ ರೂಮಿನಲ್ಲಿ ಸ್ವಲ್ಪ ದಿನ ಉಳಿದುಕೊಂಡಿದ್ದೆ. ಹೋಟೆಲ್ ಊಟ ನನಗೆ ಒಗ್ಗುವುದಿಲ್ಲವೆಂದು ಅಮ್ಮ ದಿನಾ ಬಸ್ಸಿನಲ್ಲಿ ಕ್ಯಾರಿಯರ್ ಕಳಿಸುತ್ತಿದ್ದಳು. ನಮ್ಮ ಕಡೆ ಇದು ಮಾಮೂಲು. ಕೆಂಪು ಬಟ್ಟೆ ಕಟ್ಟಿದ ಕ್ಯಾರಿಯರನ್ನು ಕಂಡಕ್ಟರ್ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಸೆಲ್ವಿ ಅಕ್ಕನಿಗೆ ಕೊಡಬೇಕು, ಅವರು ನನಗೆ ಕೊಡಬೇಕು. ಸಂಜೆ ಖಾಲಿ ಕ್ಯಾರಿಯರ್ ಅದೇ ದಾರಿಯಲ್ಲಿ ವಾಪಸ್.

ನನ್ನ ಜೀವ ತಿನ್ನುತ್ತಿದ್ದದ್ದು ನೆಟ್‌ವರ್ಕ್ ಪೇಪರ್. ಒಂದು ಸಲ ಡುಮ್ಕಿ ಹೊಡೆದಿದ್ದೆ. ಒಂದು ಕಂಪ್ಯೂಟರಿನ ಮಾತು ಏಳು ಪದರ ಇಳಿದು, ತಂತಿಯಲ್ಲಿ ಸಾಗಿ, ಆ ಕಡೆ ಮತ್ತೆ ಏಳು ಪದರ ಹತ್ತುತ್ತದಂತೆ. ಹೆಸರುಗಳನ್ನು ಗಿಳಿಪಾಠ ಮಾಡಿದ್ದೆ. ಅಷ್ಟೊಂದು ಪದರ ಯಾಕೆ ಬೇಕೆಂದು ಮಾತ್ರ ತಲೆಗೆ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಕ್ಯಾರಿಯರ್ ತೆಗೆದುಕೊಳ್ಳುತ್ತಾ ಸೆಲ್ವಿ ಅಕ್ಕನಿಗೆ, "ಇವತ್ತು ಏನ್ ಸಾರಕ್ಕಾ?" ಅಂದೆ ತಮಾಷೆಗೆ.

"ನಂಗೇನ್ ಗೊತ್ತುಮ್ಮಾ? ಕೆಂಪು ಬಟ್ಟೆ ಬಂತಾ, ನಿನ್ ಕೈಗೆ ಕೊಟ್ನಾ, ಅಷ್ಟೇ" ಅಂದರು.

ನನಗೆ ಅಲ್ಲೇ ಹೊಳೆಯಿತು. ಅಮ್ಮ ಅಡುಗೆಯನ್ನು ಡಬ್ಬಿಗೆ ಹಾಕಿ, ಡಬ್ಬಿಗೆ ಬಟ್ಟೆ ಕಟ್ಟಿ, ಬಸ್ಸಿಗೆ ಕೊಡುತ್ತಾಳೆ. ನಾನು ಈ ಕಡೆ ಬಟ್ಟೆ ಬಿಚ್ಚಿ, ಡಬ್ಬಿ ತೆಗೆದು, ಊಟಕ್ಕೆ ಬರುತ್ತೇನೆ. ಕೆಳಗಿನ ಪದರಗಳಿಗೆ ಒಳಗೇನಿದೆ ಎಂಬ ಉಸಾಬರಿ ಬೇಡ, ತಮ್ಮ ಗುರುತು ನೋಡಿ ಮುಂದಕ್ಕೆ ದಾಟಿಸಿದರೆ ಸಾಕು. ಒಳಗಿನದು ಕಳಿಸಿದವಳಿಗೆ ಮತ್ತು ಬಿಚ್ಚಿದವಳಿಗೆ ಬಿಟ್ಟದ್ದು. ಮರುದಿನ ಕಾಲೇಜಿನಲ್ಲಿ ಇದನ್ನು ಹೇಳಿದಾಗ ಸರ್ ಶಹಬ್ಬಾಸ್ ಅಂದರು. ನಾನು ಉಬ್ಬಿಹೋದೆ.

ಆ ದಿನಗಳಲ್ಲೇ ಊಟ ಕೆಡುತ್ತಾ ಬಂದಿತ್ತು. ಮಸ್ಸೊಪ್ಪಿನ ಸಾರಿನಲ್ಲಿ ಬೇರು, ಮಣ್ಣು. ಅನ್ನದಲ್ಲಿ ಕಲ್ಲು. ಒಂದು ದಿನವಂತೂ ಸಾರು ಬಾಯಿಗಿಡಲಾಗದಷ್ಟು ಉಪ್ಪು.

"ಏನಮ್ಮಾ, ಉಪ್ಪಿನ ಮೂಟೇನೇ ಮಗುಚಿಬಿಟ್ಯಾ?" ಎಂದು ಫೋನಿನಲ್ಲಿ ರೇಗಿಸಿದೆ.

"ಕೈ ಜಾಸ್ತಿ ಆಯ್ತೇನೋ ಕಣೇ. ನಾಳೆ ನೋಡಿ ಆಕ್ತೀನಿ. ನೀನು ಓದ್ಕೋ ಓಗು" ಅಂದಳು.

ಗೆಳತಿಯರ ಜೊತೆ ನಕ್ಕು ಸುಮ್ಮನಾದೆ.

ಪರೀಕ್ಷೆ ಮುಗಿಸಿ ಸಂಜೆ ಊರಲ್ಲಿ ಇಳಿದಾಗ ಅಮ್ಮ ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈ ಗೋಡೆ ಸವರುತ್ತಿತ್ತು. ನಾನು ನಗುತ್ತಾ ಅವಳಿಗೆ ಅಡ್ಡ ನಿಂತೆ.

"ಯಾರಮ್ಮಾ ಅದು? ಒಸಿ ಪಕ್ಕಕ್ಕೆ ಬಾರಮ್ಮಾ, ಓಗ್ಬೇಕು" ಅಂದಳು.

ಮರುದಿನವೇ ಕೋಲಾರಕ್ಕೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. "ಎಡಗಣ್ಣು ಉಳಿಸೋಣ. ಬಲಗಣ್ಣಿಗೂ ಸ್ವಲ್ಪ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತಮ್ಮ" ಅಂದರು ಡಾಕ್ಟರು.

"ಯಾಕಮ್ಮಾ ನಂಗೆ ಏಳ್ಲಿಲ್ಲ?" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಅತ್ತುಬಿಟ್ಟೆ.

"ಪರೀಕ್ಷೆ ಓದೋ ಮಗೀಗೆ ಏನಂತ ಏಳ್ಲಿ? ಊಟ ನಿಂಗೆ ಸರಿಯಾಗಿ ಸೇರ್ತಿತ್ತಲ್ಲ, ಬಿಡು."

ಊಟ ಒಂದು ದಿನವೂ ತಪ್ಪದೆ ಸೇರಿತ್ತು. ಕಂಡಕ್ಟರ್, ಸೆಲ್ವಿ ಅಕ್ಕ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಡಬ್ಬಿ ಬಿಚ್ಚುತ್ತಿದ್ದವಳು ನಾನೊಬ್ಬಳೇ. ಕಲ್ಲು, ಮಣ್ಣು, ಉಪ್ಪು ಎಲ್ಲವೂ ನನ್ನ ತಟ್ಟೆಗೇ ಬಂದಿದ್ದವು. ಪೇಪರ್ ಪಾಸಾಯಿತು, ಆದರೆ ಅಂಕಪಟ್ಟಿಯನ್ನು ಮತ್ತೆ ತೆಗೆದು ನೋಡಿಲ್ಲ.

ಈಗ ಅಡುಗೆ ನನ್ನದು. ಬಡಿಸಿ, ಅಮ್ಮನ ಮುಖವನ್ನೇ ನೋಡುತ್ತಾ ಕೂರುತ್ತೇನೆ. ಉಪ್ಪು ಹೆಚ್ಚಾದ ದಿನವೂ ಅವಳು "ಚೆನ್ನಾಗೈತೆ ಕಣೇ" ಎಂದೇ ಉಣ್ಣುತ್ತಾಳೆ. ಒಂದು ದಿನವಾದರೂ ನನ್ನನ್ನು ಬೈಯಬಾರದೇ ಅನಿಸುತ್ತದೆ.